ಬಸ್ಸಿನ ಬೆನ್ನಿಗಂಟಿದ ಧೂಳು

ಮಣ್ಣುರಸ್ತೆಯಲ್ಲಿ ದಿನವಿಡೀ ಓಡಾಡಿ ಬಂದ ಬಸ್ಸನ್ನು ಸಂಜೆ ಸ್ಟ್ಯಾಂಡಿನಲ್ಲಿ ಒಂದು ಸುತ್ತು ಹಾಕಿ ನೋಡಿ. ಹಿಂದಿನ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಬಸ್ಸು ಮುಂದಕ್ಕೆ ಓಡುವಾಗ ಧೂಳು ದಾರಿಯಲ್ಲೇ ಉಳಿಯಬೇಕಿತ್ತಲ್ಲ, ಬೆನ್ನಟ್ಟಿ ಬಂದು ಅಂಟಿದ್ದು ಹೇಗೆ? ಹಿಂದಿನ ಅಂಚು ಬಂದ ಕೂಡಲೇ ಗಾಳಿ ಬಸ್ಸಿನ ಮೈ ಬಿಡುತ್ತದೆ. ಅಲ್ಲಿಂದಾಚೆಗೆ ಒತ್ತಡ ಕಡಿಮೆಯಿರುವ ಒಂದು ಗೂಡು. ಅದರೊಳಗೆ ಸುತ್ತುವ ಗಾಳಿ, ಚಕ್ರ ಎಬ್ಬಿಸಿದ ಧೂಳನ್ನು ಬಸ್ಸಿನ ಕಡೆಗೇ ಎಳೆದು ತರುತ್ತದೆ. ಬಸ್ಸನ್ನು ಹಿಂದಕ್ಕೆ ಜಗ್ಗುವುದೂ ಇದೇ ಗೂಡು.

ಇಷ್ಟು ಕಣ್ಣೆದುರಿಗಿದ್ದರೂ ನಮ್ಮ ಮಾತೆಲ್ಲ ಮುಂದಿನ ಮೂತಿಯದು. 'ಗಾಳಿ ಸೀಳ್ಕೊಂಡು ಹೋಗುತ್ತೆ' ಅನ್ನುತ್ತೇವೆ. ಮೂತಿ ಚೂಪಾಗಿರಬೇಕು, ಮೈ ನುಣುಪಾಗಿರಬೇಕು, ಹರಿವು ಕದಡಬಾರದು. ಹಾಗಿದ್ದರೆ ತಡೆ ಕಡಿಮೆ ಎಂಬ ನಂಬಿಕೆ ಕಾಲೇಜಿನ ನೋಟ್ಸಿನಿಂದ ಜಾಹೀರಾತಿನವರೆಗೆ ಹಬ್ಬಿದೆ. ರಸ್ತೆಯ ವೇಗಕ್ಕೆ ಮೂತಿ ಚೂಪಾಗಲೇಬೇಕಿಲ್ಲ, ದುಂಡಗಿದ್ದರೂ ಸಾಕು. ಮೀನನ್ನೇ ನೋಡಿ, ದಪ್ಪ ತಲೆ, ಸಪೂರ ಬಾಲ. ನನ್ನ ದೊಡ್ಡ ತಕರಾರು ಉಳಿದೆರಡರ ಮೇಲೆ.

ಅವೆರಡನ್ನೂ ತಲೆಕೆಳಗು ಮಾಡಿದ್ದು ಒಂದು ಗೋಲ. 1912ರಲ್ಲಿ ಗುಸ್ತಾವ್ ಐಫೆಲ್ (ಗೋಪುರದ ಐಫೆಲ್ಲೇ, ಮುಪ್ಪಿನಲ್ಲಿ ಗಾಳಿಯ ಹುಚ್ಚು ಹಿಡಿದಿತ್ತು) ಪ್ಯಾರಿಸ್ಸಿನ ತನ್ನ ಗಾಳಿ ಸುರಂಗದಲ್ಲಿ ಗೋಲಗಳ ತಡೆ ಅಳೆದ. ಅವನಿಗೆ ಸಿಕ್ಕ ತಡೆಯ ಗುಣಾಂಕ ಜರ್ಮನಿಯ ಗಟಿಂಗೆನ್‌ನಲ್ಲಿ ಸಿಕ್ಕಿದ್ದರ ಅರ್ಧಕ್ಕಿಂತ ಕಡಿಮೆ. ಮುದುಕ ಲೆಕ್ಕ ತಪ್ಪಿದ್ದಾನೆ ಎಂದೇ ಗಟಿಂಗೆನ್‌ನವರು ಮೊದಲು ಎಣಿಸಿದರು. ಲೆಕ್ಕ ಇಬ್ಬರದೂ ಸರಿಯಿತ್ತು. ವೇಗ ಒಂದು ಮಟ್ಟ ದಾಟಿದರೆ ಗೋಲದ ಗುಣಾಂಕ ತಟ್ಟನೆ ಕುಸಿಯುತ್ತದೆ. 1914ರಲ್ಲಿ ಗಟಿಂಗೆನ್‌ನ ಲುಡ್ವಿಗ್ ಪ್ರಾಂಟ್ಲ್ ನುಣುಪು ಗೋಲಕ್ಕೆ, ನಡುವಿಗಿಂತ ತುಸು ಮುಂದೆ, ತೆಳು ತಂತಿಯ ಬಳೆ ತೊಡಿಸಿದ. ನುಣುಪು ಕೆಟ್ಟಿತು, ತಡೆ ಇಳಿಯಿತು.

ಮೈಗೆ ಅಂಟಿ ಹರಿಯುವ ಗಾಳಿಯ ತೆಳು ಪದರ ಉಜ್ಜಿ ಉಜ್ಜಿ ಸೋತಿರುತ್ತದೆ. ಗೋಲದ ಬೆನ್ನಿನ ಕಡೆ ಒತ್ತಡ ಏರುವುದರಿಂದ, ಸೋತ ಕಾಲಲ್ಲೇ ಅದು ದಿಬ್ಬ ಹತ್ತಬೇಕು. ಹರಿವು ಶಿಸ್ತಾಗಿದ್ದರೆ ಮೇಲಿನ ಚುರುಕು ಗಾಳಿಯ ನೆರವು ಕೆಳಗಿಳಿಯುವುದಿಲ್ಲ. ಮುಂತುದಿಯಿಂದ ಅಳೆದರೆ 80 ಡಿಗ್ರಿಯ ಆಸುಪಾಸಿನಲ್ಲೇ ಪದರ ಮೈ ಬಿಡುತ್ತದೆ. ತಂತಿಗೆ ಎಡವಿ ಕದಡಿದ ಪದರದಲ್ಲಿ ಮೇಲಿನದು ಕೆಳಗಿನದು ಬೆರೆಯುತ್ತದೆ, ಹಿಡಿತ 120 ಡಿಗ್ರಿಯ ಹತ್ತಿರದವರೆಗೂ ಉಳಿಯುತ್ತದೆ. ಹಿಂದಿನ ಗೂಡು ಕಿರಿದಾಗುತ್ತದೆ. ಉಜ್ಜಾಟದ ನಷ್ಟ ಹೆಚ್ಚುವುದು ನಿಜ, ಗೂಡು ಕುಗ್ಗಿದ ಲಾಭದ ಮುಂದೆ ಅದು ಚಿಲ್ಲರೆ. ಗಾಲ್ಫ್ ಚೆಂಡಿಗೆ ಗುಳಿ ಹೊಡೆಯುವುದೂ ಇದಕ್ಕೇ. ಕದಡುವುದನ್ನೂ ಮೈ ಬಿಡುವುದನ್ನೂ ಒಂದೇ ಎಂದು ಓದಿಸುವವರು ಈ ತಂತಿಗೆ ಏನು ಉತ್ತರ ಕೊಡುತ್ತಾರೆ?

ಹಾಗಂತ ಬಸ್ಸಿಗೂ ಗುಳಿ ಹೊಡೆಸಿದರೆ ದುಡ್ಡು ದಂಡ. ಚೂಪು ಅಂಚಿನಲ್ಲಿ ಹರಿವು ಹೇಗಿದ್ದರೂ ಅಲ್ಲೇ ಕಿತ್ತುಕೊಳ್ಳುತ್ತದೆ. ಹೀಗೆ ಕಿತ್ತುಕೊಂಡ ಹರಿವನ್ನು ಅಳೆಯಲು ಪ್ರಯೋಗಾಲಯದಲ್ಲಿ ಒಂದೇ ಒಂದು ಇಳಿಮೆಟ್ಟಿಲು ಸಾಕು. ಎಲ್ಲಿ ಬಿಡುತ್ತದೆ ಎಂಬುದು ಗೊತ್ತೇ ಇದೆ. ಮತ್ತೆ ನೆಲ ಮುಟ್ಟುವುದೆಲ್ಲಿ ಎಂಬುದೇ ಪಂದ್ಯ. 1985ರಲ್ಲಿ ಡ್ರೈವರ್ ಮತ್ತು ಸೀಗ್‌ಮಿಲ್ಲರ್ ಎಂಬ ಸಂಶೋಧಕರು ಅಳೆದದ್ದು ಮೆಟ್ಟಿಲೆತ್ತರದ 6.26 ಪಟ್ಟು ದೂರ. ಕದಡಿದ ಹರಿವನ್ನು ಕಂಪ್ಯೂಟರಿನಲ್ಲಿ ಅಂದಾಜಿಸಲು ಎಂಜಿನಿಯರುಗಳು ಹೆಚ್ಚು ನೆಚ್ಚಿಕೊಂಡ ಕೆ-ಎಪ್ಸಿಲಾನ್ ಎಂಬ ಲೆಕ್ಕ ಅದನ್ನು ಬೇಗನೇ ನೆಲಕ್ಕಿಳಿಸಿಬಿಡುತ್ತದೆ. ಪರದೆಯ ಮೇಲಿನ ಕೆಂಪು ನೀಲಿ ಚಿತ್ರಕ್ಕೆ ಮಾತ್ರ ಒಂದಿಷ್ಟೂ ಅಳುಕಿಲ್ಲ.

ಬಸ್ಸಿಗೆ ಬೇಕಿರುವುದು ಹಿಂದೆ ಮೆಲ್ಲಗೆ ಕಿರಿದಾಗುವ ಬಾಲ. ಬಾಲ ಬೆಳೆಸಿದರೆ ಕೊನೆಯ ಸೀಟು ಹೋಗುತ್ತದೆ, ಇಲ್ಲವೇ ತಿರುವಿನಲ್ಲಿ ಗೋಡೆ ತಾಗುತ್ತದೆ. ಹಾಗಾಗಿ ಬೆನ್ನು ಚಪ್ಪಟೆಯೇ. ಬೆಳಿಗ್ಗೆ ಕ್ಲೀನರ್ ಬಕೆಟ್ ಹಿಡಿದು ಮೊದಲು ಹೋಗುವುದು ಹಿಂಬದಿಗೆ.