ನೆಲದ ನಾಡಿ ಹಿಡಿಯುವ ಗೂಟಗಳು

ಮಂಗಳೂರಿನಲ್ಲಿ, 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಮಂದಾರ ಪ್ರದೇಶದ ಮನೆ, ತೋಟಗಳ ಮೇಲೆ ಜಾರಿತು. ಜಾರಿದ ಕಸ ಎಲ್ಲರ ಕಣ್ಣಿಗೂ ಬಿತ್ತು. ಕಸದಡಿಯಿಂದ ಇಳಿಯುವ ಕೊಳೆರಸ ಹಾಗಲ್ಲ, ಬಾವಿ ಕೆಟ್ಟ ಮೇಲೆಯೇ ತಿಳಿಯುವುದು.

ಅದನ್ನು ಮೊದಲೇ ಕಾಣುವ ವಿದ್ಯೆಯೊಂದರ ಮೇಲೆ ನನಗೆ ವಿಪರೀತ ಮೋಹ. ಸಾಮಾನು ಸರಳ: ಉಕ್ಕಿನ ಗೂಟ, ಕೇಬಲ್, ಬ್ಯಾಟರಿ, ಮೀಟರ್. ಎರಡು ಗೂಟಗಳಿಂದ ನೆಲಕ್ಕೆ ಕರೆಂಟು ಬಿಟ್ಟು, ಬೇರೆ ಎರಡರಲ್ಲಿ ವೋಲ್ಟೇಜ್ ಅಳೆಯುತ್ತಾರೆ. ಗೂಟಗಳ ಅಂತರ ಹೆಚ್ಚಿಸಿದಷ್ಟೂ ಆಳದ ಸುದ್ದಿ. ಒಣ ಮುರಕಲ್ಲು ಕರೆಂಟನ್ನು ತಡೆಯುತ್ತದೆ. ಲವಣ ತುಂಬಿದ ಕೊಳೆರಸ ಸಲೀಸಾಗಿ ದಾಟಿಸುತ್ತದೆ. ನೂರಾರು ಅಳತೆಗಳಿಂದ ಕಂಪ್ಯೂಟರ್ ನೆಲದ ಸೀಳುಚಿತ್ರ ಬಿಡಿಸುತ್ತದೆ.

ನಮ್ಮ ಕಡೆ ಮೋಸಗಾರನೆಂದರೆ ಶೇಡಿ ಎಂಬ ಜೇಡಿಮಣ್ಣು. ಮುರಕಲ್ಲಿನಡಿಯ ಒದ್ದೆ ಶೇಡಿಯೂ ಕರೆಂಟಿಗೆ ದಾರಿ ಬಿಡುತ್ತದೆ. ಅದಕ್ಕೇ ಜಾಣರು ಅದೇ ಗೂಟಗಳಲ್ಲಿ ತಿಂಗಳುಗಟ್ಟಲೆ ಅಳೆದು, ಬದಲಾದದ್ದನ್ನಷ್ಟೇ ನೋಡುತ್ತಾರೆ. ಶೇಡಿ ಇದ್ದಲ್ಲೇ ಇರುತ್ತದೆ, ಸೋರಿಕೆ ಮುಂದೆ ಸಾಗುತ್ತದೆ. (ಮಳೆನೀರಿನ ಲೆಕ್ಕ ಕಳೆಯುವುದು ಬೇರೆಯೇ ತಲೆನೋವು.)

ಅಮೆರಿಕದ ಹ್ಯಾನ್‌ಫೋರ್ಡಿನಲ್ಲಿ ಅಣುಬಾಂಬು ತಯಾರಿಕೆಯ ಕಸ ತುಂಬಿದ 177 ಟ್ಯಾಂಕುಗಳು ನೆಲದಡಿ ಇವೆ. ಸೋರಿಕೆ ಹುಡುಕಲು ಅಲ್ಲಿ ಕಂಡಕಂಡಲ್ಲಿ ಕೊರೆಯುವ ಧೈರ್ಯ ಯಾರಿಗಿದೆ? ಮೊದಲೇ ಇದ್ದ ಕೊಳವೆಬಾವಿಗಳ ಉಕ್ಕಿನ ಕೇಸಿಂಗನ್ನೇ ಗೂಟವಾಗಿಸಿಕೊಂಡರು! ಈ ಉಪಾಯಕ್ಕೆ ನಾನು ಮಾರುಹೋದೆ.

ನಮ್ಮೂರುಗಳಿಗೆ ಈ ಮೀಟರ್ ಬರುವುದು ಬೋರ್‌ವೆಲ್ ಪಾಯಿಂಟ್ ನೋಡಲು, ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ನೀರು ಹುಡುಕುವವರಿಗೆ ಪೈಪೋಟಿಯಾಗಿ. ಬೇಸಿಗೆಯಲ್ಲಾದರೆ ಗೂಟದ ಬುಡಕ್ಕೆ ಉಪ್ಪುನೀರು ಸುರಿಯಬೇಕು. ಇಲ್ಲದಿದ್ದರೆ ಮುರಕಲ್ಲು ಕರೆಂಟನ್ನು ಒಳಗೇ ಬಿಟ್ಟುಕೊಳ್ಳದು.