ಯಶೋಧರಚರಿತೆಯೂ ನರಕಭಯವೂ

ನರಕವುಂಟೆಂದು ನಂಬಿದವರು ನಂಬದವರಿಗಿಂತ ಹೆಚ್ಚು ಧರ್ಮದಿಂದ ಬಾಳುವರೆ ಎಂಬುದು ಬಹಳ ಹಳೆಯ ಪ್ರಶ್ನೆ. ಹೌದೆನ್ನುವವರ ವಾದವು ಸರಳವಾದುದು. ಅರಸನ ದಂಡಕ್ಕೆ ಸಿಕ್ಕದೆ ನಡೆದುಹೋಗುವ ಪಾಪಗಳು ಎಷ್ಟೋ ಇವೆ. ಯಾರೂ ಕಾಣದ ಎಡೆಯಲ್ಲಿ ಮನುಷ್ಯನ ಕೈಯನ್ನು ತಡೆಯಬೇಕಾದರೆ ಪರಲೋಕದ ಭಯವಲ್ಲದೆ ಬೇರೆ ಸಾಧನವಾವುದು? ನಮ್ಮ ಪುರಾಣಕಾರರೂ ಈ ಸಾಧನವನ್ನು ನೆಚ್ಚಿದಂತೆಯೇ ಕಾಣುತ್ತದೆ. ಭಾಗವತದ ಐದನೆಯ ಸ್ಕಂಧದಲ್ಲಿ ೨೮ ನರಕಗಳ ಎಣಿಕೆಯಿದೆ. ಜೈನಗ್ರಂಥಗಳು ರತ್ನಪ್ರಭೆ ಮೊದಲ್ಗೊಂಡು ೭ ನರಕಭೂಮಿಗಳನ್ನು ಒಂದರ ಕೆಳಗೊಂದಾಗಿ ವಿವರಿಸುತ್ತವೆ. ಸಾವಾದ ಮನೆಯಲ್ಲಿ ಗರುಡಪುರಾಣವನ್ನು ಓದಿಸುವ ವಾಡಿಕೆ ಇಂದಿಗೂ ಉಳಿದುಬಂದಿದೆ. ಅಲ್ಲವೆಂದು ವಾದಿಸಿದವರೂ ಇಲ್ಲದಿಲ್ಲ. ಪಿಯರ್ ಬೇಲ್ ಎಂಬ ಫ್ರೆಂಚ್ ಪಂಡಿತನು ೧೬೮೨ರಲ್ಲಿ ಧೂಮಕೇತುವನ್ನು ನಿಮಿತ್ತವಾಗಿಟ್ಟುಕೊಂಡು ಬರೆದ ಗ್ರಂಥದಲ್ಲಿ, ಜನರು ನಡೆಯುವುದು ತಾವು ನಂಬಿದ ತತ್ತ್ವಗಳಂತೆ ಅಲ್ಲ, ತಮ್ಮ ರಾಗದ್ವೇಷಗಳಂತೆ. ಆದುದರಿಂದ ನಾಸ್ತಿಕರ ಸಮಾಜವೂ ಸುಶೀಲವಾಗಿ ಇರಬಲ್ಲದು ಎಂದು ಪ್ರತಿಪಾದಿಸಿದನು.

ಇತ್ತೀಚೆಗೆ ಈ ಪ್ರಶ್ನೆಯನ್ನು ಅಂಕಿಗಳಿಂದ ಬಿಡಿಸುವ ಪ್ರಯತ್ನವೂ ನಡೆದಿದೆ. ೨೦೧೨ರಲ್ಲಿ ಅಜೀಂ ಷರೀಫ್ ಮತ್ತು ಮಿಜ್ಕೆ ರೆಮ್‌ತುಲ್ಲಾ ಎಂಬ ವಿದ್ವಾಂಸರು ೬೭ ದೇಶಗಳ ೧,೪೩,೦೦೦ಕ್ಕೂ ಮೇಲ್ಪಟ್ಟ ಜನರ ನಂಬಿಕೆಗಳನ್ನು ಆಯಾ ದೇಶದ ಅಪರಾಧಗಳ ಪ್ರಮಾಣದೊಡನೆ ಹೋಲಿಸಿ ನೋಡಿದರು. ನರಕದ ನಂಬಿಕೆ ಬಲವಾಗಿರುವ ಕಡೆ ಅಪರಾಧಗಳು ಕಡಮೆಯೆಂದೂ, ನರಕಕ್ಕಿಂತ ಸ್ವರ್ಗವನ್ನೇ ಹೆಚ್ಚಾಗಿ ನಂಬುವ ಕಡೆ ಅಪರಾಧಗಳು ಅಧಿಕವೆಂದೂ ಅವರಿಗೆ ಕಂಡುಬಂದಿತು. ಎರಡು ಸಂಗತಿಗಳು ಜೊತೆಯಾಗಿ ಇದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗುವುದಿಲ್ಲವಷ್ಟೆ. ಆದರೂ ಇದು ತಳ್ಳಿಹಾಕತಕ್ಕ ಮಾತಲ್ಲ. ಭಯವು ಕೈಯನ್ನು ತಡೆಯಬಲ್ಲದೆಂದು ವಾದಕ್ಕಾಗಿ ಒಪ್ಪಿಕೊಳ್ಳೋಣ. ಹಾಗೆ ಒಪ್ಪಿದ ಮೇಲೆ ಇನ್ನೊಂದು ಪ್ರಶ್ನೆ ಏಳುತ್ತದೆ: ಕೈಯನ್ನು ತಡೆದುದಷ್ಟಕ್ಕೇ ಧರ್ಮವೆಂದು ಹೆಸರಿಡಬಹುದೆ? ಈ ಪ್ರಶ್ನೆಯನ್ನು ಕನ್ನಡದಲ್ಲಿ ಬಹು ನಿಷ್ಠುರವಾಗಿ ಕೇಳಿದ ಕಾವ್ಯವು ಜನ್ನನ ಯಶೋಧರಚರಿತೆ. ಅದನ್ನು ಈ ದೃಷ್ಟಿಯಿಂದ ಒಮ್ಮೆ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿಯಾಗಿದ್ದ ಜನ್ನನು ೧೨೦೯ರಲ್ಲಿ ಈ ಕಾವ್ಯವನ್ನು ರಚಿಸಿದನು. ಕಥೆಯು ಅವನ ಕಲ್ಪನೆಯಲ್ಲ. ಸೋಮದೇವಸೂರಿಯು ೯೫೯ರಲ್ಲಿ ಮುಗಿಸಿದ ಸಂಸ್ಕೃತ ಯಶಸ್ತಿಲಕಚಂಪುವಿನಲ್ಲಿ ಅದು ವಿಸ್ತಾರವಾಗಿ ಬಂದಿದ್ದಿತು. ಜನ್ನನು ಅದನ್ನು ನಾಲ್ಕು ಅವತಾರಗಳಲ್ಲಿ, ಬಹುಮಟ್ಟಿಗೆ ಕಂದಪದ್ಯಗಳಲ್ಲಿಯೇ, ಬಿಗಿಯಾಗಿ ಹೇಳಿ ಮುಗಿಸಿದ್ದಾನೆ. ವಾಚಕರಲ್ಲಿ ಅನೇಕರಿಗೆ ಕಥೆ ಪರಿಚಿತವೇ ಆದರೂ ನಮ್ಮ ವಿಚಾರಕ್ಕೆ ಬೇಕಾದಷ್ಟನ್ನು ಇಲ್ಲಿ ನೆನೆಯಬಹುದು. ರಾಜಪುರದ ಅರಸು ಮಾರಿದತ್ತನು ಚಂಡಮಾರಿಗೆ ಪ್ರಾಣಿಗಳೊಡನೆ ನರಬಲಿಯನ್ನೂ ಕೊಡಲು ಸಿದ್ಧನಾಗಿದ್ದಾನೆ. ಬಲಿಗೆಂದು ಹಿಡಿದುತಂದವರು ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರು. ಅವರ ನಿರ್ಭೀತವಾದ ಮುಖವನ್ನು ಕಂಡು ಬೆರಗಾದ ಅರಸನು ನೀವಾರೆಂದು ಕೇಳಲು, ಅವರು ತಮ್ಮ ಹಿಂದಿನ ಜನ್ಮಗಳ ಕಥೆಯನ್ನು ಹೇಳುತ್ತಾರೆ. ಉಜ್ಜಯಿನಿಯ ಅರಸು ಯಶೋಧರನು ತನ್ನ ರಾಣಿ ಅಮೃತಮತಿಯು ಮಾವುತಿಗನಾದ ಅಷ್ಟಾವಂಕನ ಹಾಡಿಗೆ ಮನಸೋತುದನ್ನು ಕಣ್ಣಾರೆ ಕಂಡು, ಎತ್ತಿದ ಕತ್ತಿಯನ್ನು ತಡೆದು ಹಿಂದಿರುಗುತ್ತಾನೆ. ತನ್ನ ವ್ಯಥೆಯನ್ನು ತಾಯಿ ಚಂದ್ರಮತಿಗೆ ಕನಸಿನ ನೆಪದಲ್ಲಿ ತಿಳಿಸುತ್ತಾನೆ. ದುಃಸ್ವಪ್ನದ ಶಾಂತಿಗಾಗಿ ದೇವಿಗೆ ಬಲಿಯಾಗಬೇಕೆಂದು ತಾಯಿ ಹಟಹಿಡಿಯುತ್ತಾಳೆ. ಜೀವವನ್ನು ಕೊಲ್ಲಲಾರೆನೆಂದು ಮಗನು ನಿರಾಕರಿಸುತ್ತಾನೆ. ಕೊನೆಗೆ ಹಿಟ್ಟಿನ ಕೋಳಿಯನ್ನಾದರೂ ಬಲಿಗೊಡಬೇಕೆಂಬ ಒಪ್ಪಂದವಾಗುತ್ತದೆ. ಕತ್ತಿ ತಗುಲಿದೊಡನೆ ಆ ಹಿಟ್ಟಿನ ಕೋಳಿ ಕೂಗಿಕೊಳ್ಳುತ್ತದೆ. ಬಳಿಕ ಅಮೃತಮತಿಯು ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ತಾಯಿಮಕ್ಕಳು ಮೃಗಪಕ್ಷಿಗಳ ಜನ್ಮಗಳಲ್ಲಿ ತೊಳಲಿ, ಕಡೆಗೆ ಈ ಅಣ್ಣತಂಗಿಯರಾಗಿ ಹುಟ್ಟಿದ್ದಾರೆ.

ಈ ಕಥೆಯಲ್ಲಿ ಹಿಂಸೆಯು ಎಲ್ಲಿಂದ ಹುಟ್ಟುತ್ತದೆ? ಕ್ರೌರ್ಯದಿಂದಲ್ಲ, ಭಯದಿಂದ. ಚಂದ್ರಮತಿ ಕೇಡಿಗಳ ಸಾಲಿಗೆ ಸೇರಿದವಳಲ್ಲ. ಮಗನ ಮೇಲಣ ಮೋಹದಿಂದ, ಅವನಿಗೇನಾಗುವುದೋ ಎಂಬ ಅಂಜಿಕೆಯಿಂದ ಅವಳು ಬಲಿಯನ್ನು ಕೇಳುತ್ತಾಳೆ. ಮಾರಿದತ್ತನ ಪೂಜೆಯ ಹಿಂದೆಯೂ ದೇವಿ ಮುನಿದರೆ ನಾಡಿಗೆ ಕೇಡಾದೀತೆಂಬ ಶಂಕೆಯೇ ನಿಂತಿದೆ. ಇಬ್ಬರೂ ಅದೃಶ್ಯಶಕ್ತಿಗಳ ದಂಡವನ್ನು ದೃಢವಾಗಿ ನಂಬಿದವರು. ಆ ನಂಬಿಕೆಯೇ ಅವರ ಕೈಗೆ ಕತ್ತಿಯನ್ನು ಕೊಟ್ಟಿತು. ಮೇಲಣಿಂದ ಬರುವ ದಂಡದ ಭಯವು ಜನರನ್ನು ಸಾಧುಗಳನ್ನಾಗಿ ಮಾಡುವುದೆಂಬ ವಾದಕ್ಕೆ ಜನ್ನನ ಕಾವ್ಯವು ಕೊಡುವ ಮೊದಲನೆಯ ಉತ್ತರವಿದು. ಭಯಕ್ಕೆ ತನ್ನದೆಂಬ ದಿಕ್ಕಿಲ್ಲ. ಹಿಂಸೆ ಮಾಡಿದರೆ ಕೇಡೆಂದು ನಂಬಿಸಿದಾಗ ಅದು ಕೈಯನ್ನು ತಡೆದೀತು; ಮಾಡದಿದ್ದರೆ ಕೇಡೆಂದು ನಂಬಿಸಿದಾಗ ಅದೇ ಭಯವು ಕೈಯನ್ನು ಎತ್ತಿಸೀತು. ಅರಸನ ಮನಸ್ಸನ್ನು ತಿರುಗಿಸತಕ್ಕವರಿಬ್ಬರ ಹೆಸರುಗಳಲ್ಲಿಯೂ ‘ಅಭಯ’ವೆಂಬ ಮಾತಿರುವುದನ್ನು ಓದುವವರು ಗಮನಿಸದೆ ಇರಲಾರರು.

ಎರಡನೆಯ ಉತ್ತರವು ಹಿಟ್ಟಿನ ಕೋಳಿಯಲ್ಲಿದೆ. ಯಶೋಧರನ ಅಪರಾಧವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಏನು ಸಿಕ್ಕುತ್ತದೆ? ಅವನು ಹೆಂಡತಿಯನ್ನು ಕೊಲ್ಲಲಿಲ್ಲ, ಅಷ್ಟಾವಂಕನನ್ನು ಕೊಲ್ಲಲಿಲ್ಲ, ಒಂದು ಕೋಳಿಯನ್ನು ಕೂಡ ಕೊಲ್ಲಲಿಲ್ಲ. ದೇಶದೇಶಗಳ ಅಪರಾಧಗಳನ್ನು ಎಣಿಸುವವರ ಪಟ್ಟಿಯಲ್ಲಿ ಅವನ ಹೆಸರು ಬರುವಂತೆಯೇ ಇಲ್ಲ. ಪಾಪಭೀತಿಯಿಂದ ಕೈ ತಡೆದುಕೊಂಡವನಿಗೆ ಅವನಿಗಿಂತ ಉತ್ತಮವಾದ ನಿದರ್ಶನವೂ ಸಿಕ್ಕದು. ಆದರೂ ಕಾವ್ಯವು ಅವನನ್ನು ಬಿಡುವುದಿಲ್ಲ. ಕೊಲ್ಲುವ ಸಂಕಲ್ಪವನ್ನು ಒಳಗಿಟ್ಟುಕೊಂಡು ಕೊಲ್ಲಲ್ಪಡುವ ವಸ್ತುವನ್ನು ಮಾತ್ರ ಬದಲಾಯಿಸಿದುದು ಅವನ ತಪ್ಪು. ಭಯವು ಮನುಷ್ಯನಿಗೆ ಕಲಿಸುವ ವಿದ್ಯೆಯೇ ಇಂತಹುದು: ಇತ್ತ ದೇವಿಯೂ ಮುನಿಯಬಾರದು, ಅತ್ತ ಪಾಪವೂ ತಟ್ಟಬಾರದು. ಈ ಜಾಣತನಕ್ಕೆ ಕವಿಯು ಕೊಟ್ಟ ಮರುಮಾತು ಹಿಟ್ಟಿನ ಗಂಟಲಿನಿಂದ ಬಂದ ಆ ಕೂಗು. ನಮ್ಮ ಸಾಹಿತ್ಯದಲ್ಲಿ ಅದಕ್ಕೆ ಸಮನಾದ ಶಬ್ದಗಳು ಬಹಳವಿಲ್ಲ.

ಇನ್ನು ಮಾರಿದತ್ತನ ಪರಿವರ್ತನೆ. ಬಲಿಪೀಠದ ಮುಂದೆ ನಿಂತ ಅಭಯರುಚಿಯು ನರಕದ ಯಾತನೆಗಳನ್ನು ವರ್ಣಿಸಿ ಅರಸನನ್ನು ಬೆದರಿಸಬಹುದಾಗಿದ್ದಿತು. ಅವನು ಹೇಳುವುದು ಮುಖ್ಯವಾಗಿ ಈ ಲೋಕದಲ್ಲಿಯೇ ನಡೆದ ಸಂಗತಿಗಳನ್ನು: ಅರಮನೆಯ ಅಂಗಳ, ಹೊಳೆ, ಅಡುಗೆಯ ಮನೆ. ನವಿಲಾಗಿ ಹುಟ್ಟಿದ ಮಗನನ್ನು ನಾಯಾಗಿ ಹುಟ್ಟಿದ ತಾಯಿ ಕಚ್ಚಿ ಕೊಲ್ಲುತ್ತಾಳೆ. ತಂದೆಗೆ ಸದ್ಗತಿಯಾಗಲೆಂದು ಮಗನಾದ ಯಶೋಮತಿ ಮಾಡಿಸುವ ಶ್ರಾದ್ಧದ ಅಡುಗೆಯಲ್ಲಿ ಬೇಯುವುದು ಮೀನಾಗಿ ಹುಟ್ಟಿದ ಆ ತಂದೆಯೇ. ಇದರಲ್ಲಿ ಕರ್ಮಫಲದ ಭಯ ಸ್ವಲ್ಪವೂ ಇಲ್ಲವೆನ್ನಲಾಗದು. ಆದರೆ ಕೇಳುವವನ ಎದೆಗೆ ನಾಟುವುದು ‘ನನಗೇನು ಶಿಕ್ಷೆಯಾದೀತು’ ಎಂಬುದಲ್ಲ. ‘ನಾನು ಕೊಲ್ಲುತ್ತಿರುವುದು ಯಾರನ್ನು’ ಎಂಬುದು. ನರಕದ ವರ್ಣನೆಯು ಓದುವವನ ದೃಷ್ಟಿಯನ್ನು ಅವನ ಮೇಲೆಯೇ ನಿಲ್ಲಿಸುತ್ತದೆ. ಜನ್ಮಾಂತರದ ಕಥೆಯಾದರೋ ಕತ್ತಿಯ ಕೆಳಗಿರುವ ಪ್ರಾಣಿಯ ಕಡೆಗೆ ಅದನ್ನು ತಿರುಗಿಸುತ್ತದೆ. ಮಾರಿದತ್ತನು ಕತ್ತಿಯನ್ನು ಕೆಳಗಿಟ್ಟುದು ಅಂಜಿ ಮಾತ್ರವಲ್ಲ, ಗುರುತು ಹಿಡಿದು.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯಿದೆ. ಅಮೃತಮತಿಯು ಕುಷ್ಠದಿಂದ ನರಳಿ ಸತ್ತು ನರಕಕ್ಕೆ ಹೋದಳೆಂದು ಕಾವ್ಯವೇ ಹೇಳುತ್ತದೆಯಲ್ಲವೆ? ನಿಜ; ಜನ್ನನು ತನ್ನ ಮತದ ಸಿದ್ಧಾಂತವನ್ನು ಬಿಟ್ಟವನಲ್ಲ. ಆದರೆ ಓದಿ ಮುಗಿಸಿದವರ ನೆನಪಿನಲ್ಲಿ ಉಳಿಯುವ ಅಮೃತಮತಿ ಯಾರು? ಇರುಳಿನಲ್ಲಿ ತೇಲಿಬಂದ ಹಾಡಿಗೆ ಎಚ್ಚತ್ತು, ಹಾಡಿದವನ ಕುರೂಪವನ್ನು ತಿಳಿದೂ ಹಿಂದೆಗೆಯದೆ ಹೋದವಳು. ಅವಳ ನರಕವು ಸಿದ್ಧಾಂತಕ್ಕೆ ಸಲ್ಲಿಸಿದ ಕಾಣಿಕೆ. ಅವಳ ಒಲವು ಕವಿ ಕಂಡುದು. ಗಿರೀಶ ಕಾರ್ನಾಡರು ಇದೇ ಕಥೆಯಿಂದ ‘ಹಿಟ್ಟಿನ ಹುಂಜ’ ನಾಟಕವನ್ನು ೧೯೮೦ರಲ್ಲಿ ಪ್ರಕಟಿಸಿದಾಗ, ರಾಜ, ರಾಣಿ, ರಾಜಮಾತೆ, ಮಾವುತರಷ್ಟನ್ನೇ ಇಟ್ಟುಕೊಂಡು ಜನ್ಮಾಂತರಗಳನ್ನೂ ನರಕವನ್ನೂ ಕೈಬಿಟ್ಟರು. ಹಾಗೆ ಬಿಟ್ಟರೂ ಸಂಕಲ್ಪಹಿಂಸೆಯ ಪ್ರಶ್ನೆ ತನ್ನ ಮೊನೆಯನ್ನು ಕಳೆದುಕೊಳ್ಳಲಿಲ್ಲ. ಕಥೆಯ ನೀತಿಯು ನರಕದ ಮೇಲೆ ನಿಂತಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಹಾಗಾದರೆ ಜೈನಕವಿಯೊಬ್ಬನ ಮಾತನ್ನೇ ಹಿಡಿದು ತೀರ್ಪು ಕೊಡುವುದು ಸರಿಯೆ ಎಂದು ಕೇಳುವವರು ಮಹಾಭಾರತದ ಕೊನೆಯ ಪರ್ವವನ್ನು ನೋಡಬಹುದು. ಕುಮಾರವ್ಯಾಸನ ಭಾರತವು ಗದಾಪರ್ವಕ್ಕೆ ನಿಂತಿರುವುದರಿಂದ ಆ ಭಾಗವು ಅದರಲ್ಲಿ ದೊರೆಯದು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿಯು ಪೂರೈಸಿದನು. ಸ್ವರ್ಗದಲ್ಲಿ ದುರ್ಯೋಧನನನ್ನು ಕಂಡ ಧರ್ಮರಾಯನು ತಮ್ಮಂದಿರನ್ನು ಹುಡುಕುತ್ತ ನರಕಕ್ಕೆ ಬರುತ್ತಾನೆ. ನಾತವನ್ನು ಸಹಿಸಲಾರದೆ ಹಿಂದಿರುಗುವಷ್ಟರಲ್ಲಿ ತನ್ನವರ ದನಿಗಳನ್ನು ಕೇಳಿ, ದೇವದೂತನನ್ನು ಕಳುಹಿಸಿಬಿಟ್ಟು ತಾನು ಅಲ್ಲಿಯೇ ನಿಲ್ಲುತ್ತಾನೆ. ಅವನ ಬಾಳಿನ ಅತ್ಯುನ್ನತವಾದ ಧರ್ಮಕಾರ್ಯವೆಂದರೆ ಇದೇ ಎಂದು ನಮಗೆ ತೋರುತ್ತದೆ. ನರಕಕ್ಕೆ ಅಂಜಿದವನಿಂದ ಅದು ಆಗತಕ್ಕದ್ದಲ್ಲ.

ಭಯದಿಂದ ಪ್ರಯೋಜನವೇ ಇಲ್ಲವೆಂಬುದು ನಮ್ಮ ಅಭಿಪ್ರಾಯವಲ್ಲ. ಬೇಲಿಯಿಲ್ಲದ ಹೊಲಕ್ಕೆ ದನ ನುಗ್ಗುವುದು ನಿಶ್ಚಯ. ಷರೀಫ್ ಮತ್ತು ರೆಮ್‌ತುಲ್ಲಾ ಎಣಿಸಿದುದು ಬೇಲಿಯ ಉಪಯೋಗವನ್ನು. ಆದರೆ ಬೇಲಿಯನ್ನೇ ಬೆಳೆಯೆಂದು ತಿಳಿಯಬಾರದಷ್ಟೆ. ಮಕ್ಕಳು ಸುಳ್ಳಾಡಿದರೆ, ಇರುವೆಯನ್ನು ಹೊಸಕಿದರೆ, ಕಾದ ಎಣ್ಣೆಯ ಕೊಪ್ಪರಿಗೆಯನ್ನೂ ಯಮಭಟರನ್ನೂ ನೆನಪಿಗೆ ತರುವುದು ನಮ್ಮ ಮನೆಗಳಲ್ಲಿ ರೂಢಿಯಾಗಿದೆ. ಅದರಿಂದ ಮಕ್ಕಳು ಕೈಯನ್ನು ಹಿಂದಕ್ಕೆ ತೆಗೆದಾರು. ಯಾರೂ ನೋಡದಂತೆ ಹಿಟ್ಟಿನ ಕೋಳಿಗಳನ್ನು ಮಾಡುವುದನ್ನೂ ಕಲಿತಾರು. ಅದಕ್ಕೆ ಬದಲಾಗಿ ಯಶೋಧರನ ಕಥೆಯನ್ನು ಒಂದು ಸಂಜೆ ಅವರಿಗೆ ಹೇಳಿ, ಆ ಕೂಗು ಎಲ್ಲಿಂದ ಬಂದಿತೆಂದು ಅವರನ್ನೇ ಕೇಳಿ ನೋಡಬಹುದು. ಜನ್ನನ ಹಳಗನ್ನಡವು ಎಳೆಯರಿಗೆ ಕಷ್ಟವಾದರೂ ಆ ಪ್ರಶ್ನೆ ಕಷ್ಟವಾಗಲಾರದು.