‘ಡಿ’ ಅಕ್ಷರದಲ್ಲಿ ಸಿಗದ ಘಾಜಿ

ಈ ವಾರದ ಸರದಿ ವಿಮಾನವಾಹಕ ಎಂಟರ್‌ಪ್ರೈಸ್‌ನದು ಎಂದು ಅಂಕಣ ಕಳೆದ ವಾರವೇ ಸಾರಿತ್ತು. 1971ರ ಡಿಸೆಂಬರಿನಲ್ಲಿ ಅಮೆರಿಕದ ಏಳನೇ ನೌಕಾಪಡೆ ಬಂಗಾಳ ಕೊಲ್ಲಿಯತ್ತ ಹೊರಟ ಸುದ್ದಿಯನ್ನು ರೇಡಿಯೊದಲ್ಲಿ ಕೇಳಿದ ತಲೆಮಾರಿಗೆ ಆ ಹಡಗಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಅದರ ಚರಿತ್ರೆಗಾಗಿ ‘ಡಿಕ್ಷನರಿ ಆಫ್ ಅಮೆರಿಕನ್ ನೇವಲ್ ಫೈಟಿಂಗ್ ಶಿಪ್ಸ್’ನ ಎರಡನೇ ಸಂಪುಟ ತೆರೆದವರು ‘ಇ’ ತಲುಪುವ ಮೊದಲು ‘ಡಿ’ ದಾಟಬೇಕು. ಅಲ್ಲಿ ಡಿಯಾಬ್ಲೊ ಎಂಬ ಜಲಾಂತರ್ಗಾಮಿ ಅಡ್ಡ ನಿಂತಿದೆ. ಎಂಟು ಅಣು ರಿಯಾಕ್ಟರ್‌ಗಳನ್ನು ಹೊತ್ತು ಅರ್ಧ ಶತಮಾನ ದುಡಿದ ಎಂಟರ್‌ಪ್ರೈಸ್‌ಗೆ ಇನ್ನೊಂದು ವಾರ ಕಾಯುವುದು ಹೊರೆಯಲ್ಲ.

ಈ ನಿಘಂಟಿನ ಧಾಟಿ ಹಳೆಯ ಓದುಗರಿಗೆ ಗೊತ್ತು. ಮೊದಲ ಸಂಪುಟ ಬಂದದ್ದು 1959ರಲ್ಲಿ, ಎಂಟನೆಯದು 1981ರಲ್ಲಿ. ಸರ್ಕಾರಿ ನೌಕರನ ಸೇವಾ ಪುಸ್ತಕ ಹೇಗೋ ಹಾಗೆ ಪ್ರತಿ ಹಡಗಿನ ನಮೂದು: ಹೆಸರು ಬಂದ ಬಗೆ, ಸಣ್ಣ ಅಕ್ಷರದಲ್ಲಿ ಟನ್ನು, ಉದ್ದ, ವೇಗ, ಸಿಬ್ಬಂದಿ, ಫಿರಂಗಿ, ಯಾವ ಕಟ್ಟೆಯಲ್ಲಿ ನೀರಿಗಿಳಿಯಿತು, ಯಾವ ಶ್ರೀಮತಿಯ ಕೈಯಿಂದ ಹೆಸರಾಯಿತು, ಎಂದು ಸೇವೆಗೆ ಸೇರಿತು, ಮೊದಲ ಕಮಾಂಡರ್ ಯಾರು. ಆಮೇಲೆ ಬಂದರಿನಿಂದ ಬಂದರಿಗೆ ಓಡಾಟ, ಕೊನೆಯಲ್ಲಿ ಗಳಿಸಿದ ‘ಬ್ಯಾಟಲ್ ಸ್ಟಾರ್’ಗಳ ಎಣಿಕೆ. ನೂರಾರು ಜನ ಸತ್ತ ರಾತ್ರಿಗೂ ಡಾಕ್‌ನಲ್ಲಿ ರಿಪೇರಿಗೆ ನಿಂತ ತಿಂಗಳಿಗೂ ಅಲ್ಲಿ ಒಂದೇ ದನಿ. ಈ ಒಣ ಗದ್ಯದ ರುಚಿ ಹತ್ತಿದವರಿಗೆ ಯುದ್ಧ ಕಾದಂಬರಿಗಳು ಸಪ್ಪೆ ಅನ್ನಿಸತೊಡಗುತ್ತವೆ.

ಡಿಯಾಬ್ಲೊದ ನಮೂದಿನಲ್ಲಿ ರೋಚಕವಾದದ್ದು ಏನೂ ಇಲ್ಲ. ಟೆಂಚ್ ವರ್ಗದ ಈ ಜಲಾಂತರ್ಗಾಮಿ ಪೋರ್ಟ್ಸ್‌ಮತ್ ನೌಕಾಕಟ್ಟೆಯಲ್ಲಿ ತಯಾರಾಗಿ 1945ರ ಮಾರ್ಚ್ 31ರಂದು ಸೇವೆಗೆ ಸೇರಿತು. ಆಗಸ್ಟಿನಲ್ಲಿ ಪರ್ಲ್ ಹಾರ್ಬರ್‌ನಿಂದ ಮೊದಲ ಯುದ್ಧ ಗಸ್ತಿಗೆ ಹೊರಟಿತು. ದಾರಿಯಲ್ಲಿರುವಾಗಲೇ ಜಪಾನ್ ಶರಣಾಯಿತು, ಹಡಗು ಗುವಾಮ್‌ಗೆ ತಿರುಗಿತು. ಹತ್ತು ಟಾರ್ಪೆಡೊ ಕೊಳವೆಗಳಿದ್ದವು, ಮಹಾಯುದ್ಧದಲ್ಲಿ ಒಂದನ್ನೂ ಶತ್ರುವಿನ ಮೇಲೆ ಬಳಸುವ ಸಂದರ್ಭ ಬರಲಿಲ್ಲ. ಮುಂದಿನದೆಲ್ಲ ಶಾಂತಿಕಾಲದ ತರಬೇತಿ, ಕವಾಯತು, ಬಂದರು ಭೇಟಿ.

ಸಂಪುಟ ಅಚ್ಚಾದದ್ದು 1963ರಲ್ಲಿ. ಮರುವರ್ಷ, 1964ರ ಜೂನ್ 1ರಂದು, ಅಮೆರಿಕ ಡಿಯಾಬ್ಲೊವನ್ನು ಪಾಕಿಸ್ತಾನಕ್ಕೆ ಎರವಲು ಕೊಟ್ಟಿತು. ಅಲ್ಲಿ ಅದು ಘಾಜಿ ಆಯಿತು.

1965ರ ಯುದ್ಧದಲ್ಲಿ ಪಾಕಿಸ್ತಾನದ ಬಳಿ ಇದ್ದ ಜಲಾಂತರ್ಗಾಮಿ ಇದೊಂದೇ. ಅದನ್ನು ದುರಸ್ತಿಗೆ ತುರ್ಕಿಗೆ ಒಯ್ಯಬೇಕಾದಾಗ ಸೂಯೆಜ್ ಕಾಲುವೆ ಮುಚ್ಚಿತ್ತು, ಹಡಗು ಆಫ್ರಿಕಾವನ್ನೇ ಬಳಸಿ ಹೋಯಿತು. 1971ರ ನವೆಂಬರ್ 14ರಂದು ಕರಾಚಿ ಬಿಟ್ಟು, ಶ್ರೀಲಂಕಾವನ್ನು ಸುತ್ತಿ ಬಂಗಾಳ ಕೊಲ್ಲಿಗೆ ಬಂತು. ಬೇಟೆ ಭಾರತದ ವಿಮಾನವಾಹಕ ವಿಕ್ರಾಂತ್. ವಿಕ್ರಾಂತ್ ಆಗಲೇ ಅಂಡಮಾನಿನಲ್ಲಿ ಅಡಗಿತ್ತು. ಪೂರ್ವ ನೌಕಾ ಕಮಾಂಡಿನ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಅವರು ಹಳೆಯ ವಿಧ್ವಂಸಕ ನೌಕೆ ರಜಪೂತ್‌ನಿಂದ ರೇಡಿಯೊ ಸಂದೇಶಗಳನ್ನು ಹೊರಡಿಸಿ, ವಿಕ್ರಾಂತ್ ವಿಶಾಖಪಟ್ಟಣದ ಬಳಿಯೇ ಇದೆ ಎಂಬ ಭ್ರಮೆ ಹುಟ್ಟಿಸಿದ್ದರು. ಡಿಸೆಂಬರ್ 3ರ ರಾತ್ರಿ ಕಳೆದು 4ರ ಬೆಳಗಾಗುವುದರೊಳಗೆ ಘಾಜಿ ವಿಶಾಖಪಟ್ಟಣದ ಬಂದರಿನ ಹೊರಗೆ ಮುಳುಗಿತು. ಒಳಗಿದ್ದ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ರಜಪೂತ್ ಎಸೆದ ಡೆಪ್ತ್ ಚಾರ್ಜ್‌ಗಳೇ ಕಾರಣ ಎಂದು ಭಾರತ, ಅಲ್ಲ, ಅಪಘಾತದ ಸ್ಫೋಟ ಎಂದು ಪಾಕಿಸ್ತಾನ. ವಾದ ಇನ್ನೂ ನಡೆದಿದೆ.

1963ರ ಆ ಪುಟದಲ್ಲಿ ಮಾತ್ರ ಡಿಯಾಬ್ಲೊ ಇಂದಿಗೂ ಅಮೆರಿಕದ ಕವಾಯತಿನಲ್ಲಿದೆ.

ಬಾವುಟ ಬದಲಾದಲ್ಲಿ ಚರಿತ್ರೆ ನಿಲ್ಲಿಸಬಾರದು ಎಂಬುದು ಈ ಅಂಕಣದ ಹಳೆಯ ಹಟ. ಅಚ್ಚಿನ ನಿಘಂಟಿನಲ್ಲಿ ಆ ತೊಡಕಿನ ಜೊತೆಗೆ ಇಂಗ್ಲಿಷ್ ಅಕ್ಷರಮಾಲೆಯ ಚೇಷ್ಟೆಯೂ ಸೇರಿಕೊಂಡಿತು. ಸಂಪುಟಗಳು ಎರಡು ದಶಕ ಎಳೆದದ್ದರಿಂದ ಹೆಸರಿನ ಮೊದಲಕ್ಷರವೇ ಹಡಗಿನ ಕಥೆ ಎಲ್ಲಿಗೆ ಮುಗಿಯಬೇಕೆಂದು ತೀರ್ಮಾನಿಸಿತು. ‘ಪಿ’ ಅಕ್ಷರದ ಫೀನಿಕ್ಸ್ 1970ರ ಐದನೇ ಸಂಪುಟದಲ್ಲಿದೆ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್‌ನಲ್ಲಿ ಉರಿಯುತ್ತಿದ್ದ ಯುದ್ಧನೌಕೆಗಳ ಪಕ್ಕದಲ್ಲೇ ಈ ಕ್ರೂಸರ್ ಹಾದುಹೋಗುವ ಫೋಟೊ ಇದೆ: ಹಿಂದೆ ಕಪ್ಪು ಹೊಗೆಯ ಗೋಡೆ, ಮುಂದೆ ಗಾಯವೇ ಇಲ್ಲದ ಹಡಗು. 1951ರಲ್ಲಿ ಅರ್ಜೆಂಟೀನಾ ಅದನ್ನು ಕೊಂಡಿತು, 1956ರಲ್ಲಿ ಜನರಲ್ ಬೆಲ್‌ಗ್ರಾನೊ ಎಂದು ಹೆಸರಿಟ್ಟಿತು. 1982ರ ಮೇ 2ರಂದು ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟನ್ನಿನ ಕಾಂಕರರ್ ಅದಕ್ಕೆ ಟಾರ್ಪೆಡೊ ಹೊಡೆದಾಗ 323 ಮಂದಿ ಸತ್ತರು. ಅಣುಶಕ್ತಿಯ ಜಲಾಂತರ್ಗಾಮಿ ಯುದ್ಧದಲ್ಲಿ ಹಡಗು ಮುಳುಗಿಸಿದ್ದು ಅದೇ ಮೊದಲು. 1970ರ ಸಂಪುಟಕ್ಕೆ ಇದು ಗೊತ್ತಿರುವುದಾದರೂ ಹೇಗೆ?

ಇಲ್ಲಿ ಟನ್ನು-ಇಂಚುಗಳ ಪಂಥದವರ ಹಳೆಯ ಬಾಕಿಯನ್ನೂ ತೀರಿಸಬೇಕಿದೆ. ಹಡಗೆಂದರೆ ಇವರಿಗೆ ಫಿರಂಗಿಯ ಬಾಯಿಯ ಅಗಲ. ಜಪಾನಿನ ಯಾಮಾಟೊದ ಹದಿನೆಂಟು ಇಂಚು ಮೇಲೋ, ಅಮೆರಿಕದ ಅಯೋವಾದ ಹದಿನಾರು ಇಂಚು ಮೇಲೋ ಎಂದು ಅವರು ದಶಕಗಳಿಂದ ಕಾದಾಡುತ್ತಾರೆ. ಆ ಎರಡು ಹಡಗುಗಳು ಪರಸ್ಪರ ಒಂದು ಗುಂಡೂ ಹಾರಿಸಲಿಲ್ಲ, ಯಾಮಾಟೊವನ್ನು 1945ರಲ್ಲಿ ಮುಳುಗಿಸಿದ್ದು ವಿಮಾನಗಳು. ಚರಿತ್ರೆ ಬದಿಗಿಟ್ಟರೆ ಅಂಕಿಗಳೂ ಮೂಕವೇ. ಟೆಂಚ್ ವರ್ಗಕ್ಕೆ ಗಂಟೆಗೆ ಹತ್ತು ನಾಟಿಕಲ್ ಮೈಲಿ ವೇಗದಲ್ಲಿ ಸುಮಾರು 11,000 ಮೈಲಿ ಹೋಗುವ ತಾಕತ್ತಿತ್ತು ಎಂದು ಪಟ್ಟಿ ಹೇಳುತ್ತದೆ. ಪೆಸಿಫಿಕ್ ದಾಟಿ ಜಪಾನಿನ ದಡದಲ್ಲಿ ವಾರಗಟ್ಟಲೆ ಕಾಯಬೇಕೆಂದು ಅಷ್ಟು ಡೀಸೆಲ್ ಹೊರುವಂತೆ ಕಟ್ಟಿದ್ದರು. ಆ ಯುದ್ಧ ಕೈತಪ್ಪಿತು. ಇಪ್ಪತ್ತಾರು ವರ್ಷಗಳ ಮೇಲೆ ಅದೇ ಡೀಸೆಲ್ ಟ್ಯಾಂಕುಗಳು ಡಿಯಾಬ್ಲೊವನ್ನು ಬಂಗಾಳ ಕೊಲ್ಲಿಗೆ ತಂದವು. ಪಾಕಿಸ್ತಾನದ ಹೊಸ ಫ್ರೆಂಚ್ ಜಲಾಂತರ್ಗಾಮಿಗಳು ಚುರುಕಾಗಿದ್ದವು, ಅವುಗಳಲ್ಲೊಂದಾದ ಹಂಗೋರ್ ಡಿಸೆಂಬರ್ 9ರಂದು ನಮ್ಮ ಖುಕ್ರಿಯನ್ನು ಅರಬ್ಬಿ ಸಮುದ್ರದಲ್ಲಿ ಮುಳುಗಿಸಿತು. ಆದರೆ ಕರಾಚಿಯಿಂದ ಹೊರಟು ವಿಶಾಖಪಟ್ಟಣದ ಎದುರು ಕಾಯುವಷ್ಟು ದೂರದ ಓಟ ಮುದುಕ ಘಾಜಿಗೆ ಮಾತ್ರ ಸಾಧ್ಯವಿತ್ತು. ವಿಕ್ರಾಂತ್‌ನ ಮೇಲೆ ಬಿದ್ದ ಕಣ್ಣಿನ ಹಿಂದೆ 1944ರ ಒಬ್ಬ ವಿನ್ಯಾಸಕಾರನ ಇಂಧನದ ಲೆಕ್ಕವಿದೆ.

ಅದೇ ವಿಶಾಖಪಟ್ಟಣದಲ್ಲಿ ಇನ್ನೊಂದು ಅಮೆರಿಕನ್ ಹಡಗಿಗೆ ನೆಲೆಯಿದೆ. ಟ್ರೆಂಟನ್ ಸೇವೆಗೆ ಸೇರಿದ್ದು 1971ರ ಮಾರ್ಚಿನಲ್ಲಿ. ಅದರ ‘ಟಿ’ ಸಂಪುಟ 1981ರದು. ಅಲ್ಲಿಯವರೆಗಿನದು ನಾರ್ಫೋಕ್‌ನಿಂದ ಮೆಡಿಟರೇನಿಯನ್‌ಗೆ ಹೋಗಿಬಂದ ಲೆಕ್ಕ. ಸ್ವಾರಸ್ಯವೆಲ್ಲ ಆಮೇಲಿನದು. 1988ರ ಏಪ್ರಿಲ್ 14ರಂದು ಇರಾನಿನ ಸಿಡಿಮದ್ದು ತಗುಲಿ ಸ್ಯಾಮ್ಯುವೆಲ್ ಬಿ. ರಾಬರ್ಟ್ಸ್ ಎಂಬ ಫ್ರಿಗೇಟಿನ ತಳ ಹರಿಯಿತು. ನಾಲ್ಕೇ ದಿನಕ್ಕೆ ನಡೆದ ಪ್ರತೀಕಾರದಲ್ಲಿ, ಪರ್ಷಿಯನ್ ಕೊಲ್ಲಿಯ ಸಾಸನ್ ತೈಲವೇದಿಕೆಯ ಮೇಲೆ ಇಳಿದದ್ದು ಟ್ರೆಂಟನ್ ಹೊತ್ತು ತಂದ ಮರೀನ್‌ಗಳು. 1991ರ ಜನವರಿಯಲ್ಲಿ ಸೊಮಾಲಿಯಾದ ಮೊಗದಿಶು ಹೊತ್ತಿ ಉರಿಯುವಾಗ ಇದರ ಡೆಕ್ಕಿನಿಂದ ಎರಡು ದೊಡ್ಡ ಹೆಲಿಕಾಪ್ಟರ್‌ಗಳು ಎದ್ದವು, ಆಕಾಶದಲ್ಲೇ ಇಂಧನ ತುಂಬಿಸಿಕೊಂಡು 460 ನಾಟಿಕಲ್ ಮೈಲಿಗೂ ಹೆಚ್ಚು ಹಾರಿ ಅಮೆರಿಕದ ರಾಯಭಾರ ಕಚೇರಿ ಮುಟ್ಟಿದವು. ಆ ಕಾರ್ಯಾಚರಣೆಯಲ್ಲಿ 281 ಜನ ಪಾರಾದರು.

2007ರ ಜನವರಿ 17ರಂದು ನಾರ್ಫೋಕ್‌ನಲ್ಲಿ ಅದು ಭಾರತದ ಕೈಸೇರಿತು. ಜೂನ್‌ನಲ್ಲಿ ಜಲಾಶ್ವ ಎಂಬ ಹೆಸರಲ್ಲಿ ಸೇವೆಗೆ ಸೇರಿತು. ಮರುವರ್ಷದ ಫೆಬ್ರುವರಿಯಲ್ಲಿ ವಿಷಾನಿಲ ಸೋರಿ ಆರು ಮಂದಿ ತೀರಿಕೊಂಡರು. ಕೋವಿಡ್ ಕಾಲದಲ್ಲಿ, 2020ರ ಮೇ 10ರಂದು, ಮಾಲ್ಡೀವ್ಸ್‌ನಲ್ಲಿ ಸಿಕ್ಕಿಬಿದ್ದಿದ್ದ 698 ಭಾರತೀಯರನ್ನು ಅದು ಕೊಚ್ಚಿಗೆ ತಂದಿಳಿಸಿತು. ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ನೌಕಾಪಡೆಯ ಇತಿಹಾಸ ವಿಭಾಗ ನಿಘಂಟಿನ ಹಳೆಯ ನಮೂದುಗಳನ್ನು ಒಂದೊಂದಾಗಿ ಬೆಳೆಸುತ್ತಿದೆ, ಒಳ್ಳೆಯದೇ. ಆದರೆ ಮೊಗದಿಶುವಿನ 281 ಜನ, ಕೊಚ್ಚಿಯ 698 ಜನ ಒಂದೇ ಡೆಕ್ಕಿನ ಲೆಕ್ಕಕ್ಕೆ ಸೇರಿದವರು. ಒಂದು ಲೆಕ್ಕ ಅಮೆರಿಕದ ನೌಕಾಪಡೆಯಲ್ಲಿ, ಇನ್ನೊಂದು ನಮ್ಮದರಲ್ಲಿ. ಎರಡನ್ನೂ ಒಂದೇ ನಮೂದಿನಡಿ ಬರೆದಿಡುವ ಕೆಲಸ ಸದ್ಯಕ್ಕೆ ಹವ್ಯಾಸಿಗಳ ಪಾಲಿಗೇ ಬಿದ್ದಿದೆ.